ಸಿಂಬಿ ಸುತ್ತಿದ ಹಗ್ಗ

ಈ ವರ್ಷದ ಸಂಚಿಕೆಗೆ ಏನು ಬರೆಯುತ್ತೀ ಎಂದು ಮಿತ್ರರೊಬ್ಬರು ಕೇಳಿದರು. "ಹಗ್ಗದ ಮೇಲೆ" ಎಂದೆ. "ಹಗ್ಗದ ಮೇಲೆ ನಡೆಯುವವರನ್ನು ಕಂಡಿದ್ದೇನೆ, ಬರೆಯುವವರನ್ನು ಕಂಡಿಲ್ಲ" ಎಂದು ಅವರು ನಕ್ಕರು. ನಗಲಿ. ಗಡಿಯಾರ, ಕೊಡೆ, ಕನ್ನಡಕ, ಹೋಟೆಲಿನ ಇಡ್ಲಿ ಇವೆಲ್ಲ ಪ್ರಬಂಧಕ್ಕೆ ವಸ್ತುವಾಗಬಹುದಾದರೆ ಹಗ್ಗ ಮಾಡಿದ ಪಾಪವೇನು? ಅದರಲ್ಲಿಯೂ ನಾನು ಬರೆಯಹೊರಟದ್ದು ಹಗ್ಗ ಜಗ್ಗುವ ಪಂದ್ಯದ ವಿಷಯವಲ್ಲ, ದನ ಕಟ್ಟುವ ಕಣ್ಣಿಯ ವಿಷಯವೂ ಅಲ್ಲ. ದೋಣಿಯನ್ನು ದಡಕ್ಕೆ ಕಟ್ಟುವ ಹಗ್ಗವನ್ನು ಬಿಚ್ಚಿದ ಮೇಲೆ ಹೇಗೆ ಸುತ್ತಿಡಬೇಕು ಎಂಬಷ್ಟೇ ನನ್ನ ವಿಷಯ.

ತತ್ತ್ವಶಾಸ್ತ್ರ ಬಲ್ಲವರಿಗೆ ಹಗ್ಗವೆಂದರೆ ತಟ್ಟನೆ ನೆನಪಾಗುವುದು ರಜ್ಜು-ಸರ್ಪ ನ್ಯಾಯ. ಮಬ್ಬುಗತ್ತಲಲ್ಲಿ ದಾರಿಯಲ್ಲಿ ಬಿದ್ದ ಹಗ್ಗವನ್ನು ಕಂಡು ಹಾವೆಂದು ಬೆಚ್ಚಿದವನ ದೃಷ್ಟಾಂತವನ್ನು ಅದ್ವೈತಿಗಳು ಎಷ್ಟು ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ! ಬೆಚ್ಚಿದವನ ಅಜ್ಞಾನದ ಬಗ್ಗೆ ಗ್ರಂಥಗಳೇ ಇವೆ. ಆದರೆ ಹಗ್ಗವನ್ನು ದಾರಿಯ ನಡುವೆ ಬಿಸಾಡಿ ಹೋದ ಮಹಾನುಭಾವ ಯಾರು ಎಂದು ಯಾರೂ ಕೇಳಿದಂತಿಲ್ಲ. ಅವನು ಅದನ್ನು ಸುತ್ತಿ ಗೂಟಕ್ಕೆ ತೂಗುಹಾಕಿದ್ದರೆ ಆಚಾರ್ಯರು ಬೇರೊಂದು ದೃಷ್ಟಾಂತ ಹುಡುಕಬೇಕಾಗುತ್ತಿತ್ತು. ನಮ್ಮ ಕೇರಿಯ ಹಿರಿಯರೊಬ್ಬರಿಗೆ ಎಡಗಾಲಿನಲ್ಲಿ ಮೂರು ಬೆರಳುಗಳಿಲ್ಲ. ಲಂಗರು ಬಿಡುವಾಗ ದೋಣಿಯ ತಳದಲ್ಲಿ ಅಸ್ತವ್ಯಸ್ತವಾಗಿ ಬಿದ್ದಿದ್ದ ಹಗ್ಗದ ಒಂದು ಸುರುಳಿಯೊಳಗೆ ಅವರ ಕಾಲಿತ್ತು. ಅವರ ಮಟ್ಟಿಗೆ ಹಗ್ಗ ಹಾವೇ ಆಯಿತು. ಅದರಲ್ಲಿ ಭ್ರಾಂತಿಯೇನೂ ಇರಲಿಲ್ಲ.

ನಮ್ಮ ಕರಾವಳಿಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಮೂರು ತಾಲೂಕುಗಳೂ ಒಂದರ ಪಕ್ಕ ಒಂದು ಕುಳಿತಿವೆ. ಭಟ್ಕಳಕ್ಕೆ ಶರಾಬಿ ನದಿ, ಹೊನ್ನಾವರಕ್ಕೆ ಶರಾವತಿ, ಕುಮಟೆಗೆ ಅಘನಾಶಿನಿ. ನದಿ ಸಮುದ್ರ ಸೇರುವಲ್ಲಿ ದೋಣಿಗಳು ತಂಗುತ್ತವೆ; ದೋಣಿ ತಂಗಿದಲ್ಲೆಲ್ಲ ಹಗ್ಗ. ಕಳೆದ ರಜೆಯಲ್ಲಿ ಭಟ್ಕಳದ ಬಂದರಿನಿಂದ ಹಿಡಿದು ಕಾಸರಕೋಡದ ಧಕ್ಕೆಯವರೆಗೆ, ಅಲ್ಲಿಂದ ಮುಂದೆ ತದಡಿಯವರೆಗೆ ತಿರುಗಾಡುವ ಅವಕಾಶ ನನಗೆ ಒದಗಿತು. ನೆಂಟರ ಮನೆಯ ಮದುವೆಗಳು ನಿಮಿತ್ತ, ನೋಡಿದ್ದು ಹಗ್ಗ. ಧಕ್ಕೆಯ ಮೇಲೆ ನಿಂತು ದೋಣಿಗಳ ಹಗ್ಗ ನೋಡಿದರೆ ಸಾಕು, ಯಾವ ದೋಣಿಯಲ್ಲಿ ಹೇಳುವವರು ಇದ್ದಾರೆ, ಯಾವುದರಲ್ಲಿ ಇಲ್ಲ ಎಂದು ಗೊತ್ತಾಗುತ್ತದೆ. ಬಣ್ಣ ಬಳಿದ ಹೊಸ ಬೋಟಿನ ಮುಂಭಾಗದಲ್ಲಿ ಹಗ್ಗ ಹಕ್ಕಿಯ ಗೂಡಿನಂತೆ ಬಿದ್ದಿರುತ್ತದೆ. ಅದರ ಮಗ್ಗುಲಲ್ಲೇ ಬಣ್ಣ ಮಾಸಿದ ಹಳೆಯ ದೋಣಿಯಲ್ಲಿ ಹಗ್ಗ ಸಿಂಬಿ ಸುತ್ತಿ, ಮೇಲಿನ ತುದಿ ಕೈಗೆ ಸಿಗುವಂತೆ ಕುಳಿತಿರುತ್ತದೆ.

ಸಿಂಬಿ ಎಂಬ ಮಾತು ನನಗೆ ಬಹಳ ಇಷ್ಟ. ಮೀನುಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಬಳೆಯೂ ಸಿಂಬಿಯೇ, ಹಾವು ಸುತ್ತಿ ಮಲಗುವುದೂ ಸಿಂಬಿಯೇ, ಹಗ್ಗದ ಸುತ್ತೂ ಸಿಂಬಿಯೇ. ಮೂರರಲ್ಲೂ ಒಂದು ಗುಣ ಸಮಾನ: ಸುಮ್ಮನಿದ್ದಂತೆ ಕಂಡರೂ ಬೇಕಾದ ಕ್ಷಣದಲ್ಲಿ ಕೆಲಸಕ್ಕೆ ಸಿದ್ಧ.

ಹಿಂದೆ ಈ ದಡದ ಹಗ್ಗವೆಂದರೆ ಕತ್ತದ ಹಗ್ಗ. ತೆಂಗಿನ ಸಿಪ್ಪೆಯನ್ನು ಹಿನ್ನೀರಿನ ಕೆಸರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು, ನಾರು ತೆಗೆದು, ಹೊಸೆದು ಮಾಡಿದ್ದು. ಕೊಳೆಹಾಕಿದ ಗುಂಡಿಯ ವಾಸನೆಯನ್ನು ಸವಿದವರೇ ಬಲ್ಲರು, ಸವಿಯದವರು ಪುಣ್ಯವಂತರು. ಉಪ್ಪುನೀರಿಗೆ ಕತ್ತ ಬೇಗ ಸೋಲುವುದಿಲ್ಲ, ನೀರಿನ ಮೇಲೆ ತೇಲುತ್ತದೆ, ತೆರೆ ಎಳೆದಾಗ ಕೊಂಚ ಹಿಗ್ಗಿ ಮತ್ತೆ ಕುಗ್ಗುತ್ತದೆ. ಈ ಹುರಿಯಿಂದಲೇ ಹಲಗೆಗೆ ಹಲಗೆ ಹೊಲಿದು, ಕಬ್ಬಿಣದ ಮೊಳೆಯಿಲ್ಲದೆ, ಅರಬ್ಬೀ ಸಮುದ್ರದ ಹಡಗುಗಳನ್ನು ಕಟ್ಟುತ್ತಿದ್ದರು. 1340ರ ದಶಕದಲ್ಲಿ ನಮ್ಮ ಹೊನ್ನಾವರದಲ್ಲಿ ಉಳಿದು, ಇಲ್ಲಿ ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿವೆ ಎಂದು ಆಶ್ಚರ್ಯದಿಂದ ಬರೆದ ಪ್ರವಾಸಿ ಇಬ್ನ್ ಬತೂತ, ಮಾಲ್ದೀವಿನ ಕತ್ತದ ಹುರಿಯಿಂದ ಭಾರತದ ಮತ್ತು ಯೆಮನ್ನಿನ ಹಡಗುಗಳನ್ನು ಹೊಲಿಯುವುದನ್ನೂ ವರ್ಣಿಸಿದ್ದಾನೆ. ಬಂಡೆಗೆ ಬಡಿದರೆ ಮೊಳೆ ಹೊಡೆದ ಹಡಗು ಒಡೆಯುತ್ತದೆ, ಹೊಲಿದ ಹಡಗು ಬಾಗಿ ತಾಳಿಕೊಳ್ಳುತ್ತದೆ ಎಂಬುದು ಅವನ ಅಭಿಪ್ರಾಯ. ಆಮೇಲೆ ವಿಜಯನಗರದವರ ಕುದುರೆಗಳು ಭಟ್ಕಳದ ಬಂದರಿನಲ್ಲಿ ಇಳಿದವು. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಅರಳೆ ನಿಂತಾಗ ಧಾರವಾಡದ ಕಡೆಯ ಅರಳೆ ಘಟ್ಟವಿಳಿದು ಕುಮಟೆಯಿಂದ ಮುಂಬಯಿಗೆ ಹೋಯಿತು, 'ಕುಮಟಾ ಅರಳೆ' ಎಂಬ ಹೆಸರನ್ನೂ ಪಡೆಯಿತು. ಇಷ್ಟೆಲ್ಲವನ್ನೂ ದಡಕ್ಕೆ ಹಿಡಿದು ನಿಲ್ಲಿಸಿದ ಹಗ್ಗಗಳ ಹೆಸರು ಮಾತ್ರ ಚರಿತ್ರೆಯಲ್ಲಿಲ್ಲ. ಇರಲಿ, ಅಂಥ ದೂರು ಅವಕ್ಕೂ ಇದ್ದಂತಿಲ್ಲ.

ಈಗ ನೈಲಾನಿನ ಕಾಲ. 1935ರಲ್ಲಿ ಅಮೇರಿಕದ ಪ್ರಯೋಗಶಾಲೆಯೊಂದರಲ್ಲಿ ಹುಟ್ಟಿ, 1938ರಲ್ಲಿ ಮೊದಲು ಹಲ್ಲುಜ್ಜುವ ಬ್ರಷ್ಷಿನ ಕೂದಲಾಗಿ ಮಾರಾಟಕ್ಕೆ ಬಂದ ವಸ್ತು ಇಂದು ನಮ್ಮ ದೋಣಿಗಳನ್ನೆಲ್ಲ ಕಟ್ಟಿಹಾಕಿದೆ. ಅದರ ಜೊತೆಗೆ ಪಾಲಿಪ್ರೊಪಿಲೀನ್ ಎಂಬ ಇನ್ನೊಂದು. ಹಸಿರು, ನೀಲಿ, ಕಿತ್ತಳೆ ಬಣ್ಣಗಳಲ್ಲಿ ಸಿಗುತ್ತದೆ. ಎರಡಕ್ಕೂ ಸ್ವಭಾವಭೇದವುಂಟು. ನೈಲಾನು ಹಿಗ್ಗುತ್ತದೆ, ಆದ್ದರಿಂದ ದಡಕ್ಕೆ ಕಟ್ಟಲು ಒಳ್ಳೆಯದು. ಆದರೆ ನೀರಿನಲ್ಲಿ ಮುಳುಗುತ್ತದೆ. ಪಾಲಿಪ್ರೊಪಿಲೀನು ತೇಲುತ್ತದೆ, ಆದ್ದರಿಂದ ಎಸೆಯಲು ಒಳ್ಳೆಯದು. ಆದರೆ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಇದನ್ನು ಪುಸ್ತಕ ಓದದ ನನ್ನ ಸೋದರಮಾವ ಹೇಳಿಕೊಟ್ಟರು. ಅವರು ಕಾಸರಕೋಡದಲ್ಲಿ ಒಂದು ಬೋಟಿನ ತಾಂಡೇಲರು.

ಇನ್ನು ಸುತ್ತುವ ವಿಧಾನ. ವಾಚಕರು ತಮ್ಮ ಮನೆಯ ಬಾವಿಯ ಹಗ್ಗವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಹಗ್ಗವನ್ನು ಕಣ್ಣೆದುರು ನೆಟ್ಟಗೆ ಹಿಡಿಯಿರಿ. ಮೂರು ಎಳೆಗಳು ಒಂದರ ಮೇಲೊಂದು ಹೊಸೆದು ಮುಪ್ಪುರಿಯಾಗಿರುತ್ತವೆಯಷ್ಟೆ. ಆ ಎಳೆಗಳು ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರುತ್ತಿದ್ದರೆ ಅದು ಬಲಮುರಿ. ವಿರುದ್ಧವಾಗಿ ಏರುತ್ತಿದ್ದರೆ ಎಡಮುರಿ. ಗಣಪತಿಯ ಸೊಂಡಿಲಿನಲ್ಲಿ, ಶಂಖದಲ್ಲಿ ನಾವು ಈ ಭೇದವನ್ನು ಭಕ್ತಿಯಿಂದ ಗಮನಿಸುತ್ತೇವೆ, ಹಗ್ಗದಲ್ಲಿ ಗಮನಿಸುವುದಿಲ್ಲ. ಪೇಟೆಯಲ್ಲಿ ಸಿಗುವ ಹೊಸೆದ ಹಗ್ಗ ಸಾಮಾನ್ಯವಾಗಿ ಬಲಮುರಿಯೇ. ಬಲಮುರಿಯನ್ನು ಪ್ರದಕ್ಷಿಣೆಯಾಗಿ ಸುತ್ತಬೇಕು, ಎಡಮುರಿಯನ್ನು ಅಪ್ರದಕ್ಷಿಣೆಯಾಗಿ. ವಿರುದ್ಧ ಸುತ್ತಿದರೆ ಹುರಿಯೊಳಗಿನ ತಿರುಚು ಹೊರಬರಲು ಒದ್ದಾಡುತ್ತದೆ. ಹಗ್ಗ ಅಲ್ಲಲ್ಲಿ ಗಂಟು ಕಟ್ಟಿದಂತೆ ಮುರುಟಿಕೊಳ್ಳುತ್ತದೆ. ಆ ಮುರುಟಿದ ಜಾಗವನ್ನು ಬಿಗಿಯಾಗಿ ಎಳೆದರೆ ಎಳೆ ಸ್ಥಾನ ತಪ್ಪಿ, ಮುಂದೆ ಹಗ್ಗ ಹರಿಯುವುದು ಅಲ್ಲಿಯೇ.

ಎರಡನೆಯದಾಗಿ, ಯಾವ ತುದಿಯಿಂದ ಆರಂಭಿಸಬೇಕು? ದೋಣಿಗೆ ಕಟ್ಟಿರುವ ತುದಿಯ ಕಡೆಯಿಂದ ಆರಂಭಿಸಿ ಬಿಡಿ ತುದಿಯ ಕಡೆಗೆ ಸಾಗಬೇಕು. ಹಾಗೆ ಮಾಡಿದರೆ ಉಳಿದ ತಿರುಚು ಬಿಡಿ ತುದಿಯಿಂದ ಬಿಚ್ಚಿಹೋಗುತ್ತದೆ. ಬಿಡಿ ತುದಿಯಿಂದ ಆರಂಭಿಸಿದವನು ತಿರುಚನ್ನೆಲ್ಲ ಮೂಲೆಗೆ ಅಟ್ಟಿ ಅಲ್ಲಿ ಸೆರೆಹಿಡಿಯುತ್ತಾನೆ. ಪ್ರತಿ ಸುತ್ತಿಗೂ ಹೆಬ್ಬೆರಳು ತೋರುಬೆರಳುಗಳ ನಡುವೆ ಹಗ್ಗಕ್ಕೊಂದು ಸಣ್ಣ ತಿರುವು ಕೊಡಬೇಕು. ಎಲ್ಲ ಸುತ್ತುಗಳೂ ಒಂದೇ ಅಳತೆಯಲ್ಲಿರಬೇಕು. ಹೊಸೆಯದೆ ಜಡೆಯಂತೆ ಹೆಣೆದ ಹಗ್ಗವೂ ಈಗ ಬಂದಿದೆ. ಅದಕ್ಕೆ ಬಲವೂ ಇಲ್ಲ, ಎಡವೂ ಇಲ್ಲ. ಅದನ್ನು ಎಂಟರ ಆಕಾರದಲ್ಲಿ ಸುತ್ತುವುದು ಮೇಲು. ಇಂಗ್ಲಿಷಿನ 8 ಎಂದು ತಿಳಿಯಬೇಕು. ನಮ್ಮ ಕನ್ನಡದ ಎಂಟಿನ ಆಕಾರದಲ್ಲಿ ಸುತ್ತಲು ಹೊರಟರೆ ಬೆಳಗಾಗುತ್ತದೆ. ಕಡೆಗೆ ಮೂರು ಸುತ್ತು ನಡುವಿಗೆ ಹಾಕಿ, ಒಂದು ಕುಣಿಕೆ ತೂರಿಸಿ ಗೂಟಕ್ಕೆ ತೂಗುಹಾಕಿದರೆ ಕೆಲಸ ಮುಗಿಯಿತು. ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು. ಬಿಚ್ಚಲು ಯೋಚಿಸಬೇಕಾದರೆ ಅದು ಸುತ್ತಿದ್ದಲ್ಲ, ಕಟ್ಟಿದ್ದು.

ಕಟ್ಟುವುದರಲ್ಲಿಯೂ ಮರ್ಯಾದೆಯುಂಟು. ತದಡಿಯಲ್ಲಿ, ಕಾಸರಕೋಡದಲ್ಲಿ ಬೋಟುಗಳು ಹೆಚ್ಚು, ಗೂಟಗಳು ಕಡಿಮೆ. ಒಂದೇ ಗೂಟಕ್ಕೆ ಮೂರು ನಾಲ್ಕು ಕುಣಿಕೆಗಳು ಬೀಳುತ್ತವೆ. ನೀವು ಬರುವ ಮೊದಲೇ ಒಬ್ಬನ ಕುಣಿಕೆ ಅಲ್ಲಿ ಇದೆಯೆನ್ನಿ. ನಿಮ್ಮದನ್ನು ಅದರ ಮೇಲೆ ಹೇರಿದರೆ, ಅವನು ನಡುರಾತ್ರಿ ಹೊರಡಬೇಕಾದಾಗ ನಿಮ್ಮದನ್ನು ಕೀಳದೆ ಅವನಿಗೆ ಬಿಡುಗಡೆಯಿಲ್ಲ. ಅಲ್ಲಿಂದ ಜಗಳ. ಅದರ ಬದಲು ನಿಮ್ಮ ಕುಣಿಕೆಯನ್ನು ಅವನ ಕುಣಿಕೆಯ ಒಳಗಿನಿಂದ, ಕೆಳಗಿಂದ ಮೇಲಕ್ಕೆ ತೂರಿಸಿ, ಆಮೇಲೆ ಗೂಟದ ತಲೆಗೆ ತೊಡಿಸಿ. ಈಗ ಇಬ್ಬರಲ್ಲಿ ಯಾರು ಮೊದಲು ಹೊರಟರೂ ಇನ್ನೊಬ್ಬನ ಹಗ್ಗವನ್ನು ಮುಟ್ಟಬೇಕಾಗಿಲ್ಲ. ಇದನ್ನು ಮೊದಲ ಸಲ ಕಂಡ ದಿನ ನಾನು ಧಕ್ಕೆಯ ಮೇಲೆ ನಿಂತು ಐದಾರು ಬಾರಿ ಹಾಕಿ ತೆಗೆದು ನೋಡಿದೆ. ಇಷ್ಟು ಸರಳವಾದ ಸೌಜನ್ಯವನ್ನು ಕಂಡುಹಿಡಿದವನು ಯಾವ ದೇಶದವನೋ ಯಾವ ಭಾಷೆಯವನೋ! ಜಗತ್ತಿನ ಬಂದರುಗಳಲ್ಲೆಲ್ಲ ಈ ರೂಢಿ ಇದೆಯಂತೆ. ನಮ್ಮ ಬಸ್ ನಿಲ್ದಾಣಕ್ಕೆ ಯಾವಾಗ ಬರುವುದೋ ತಿಳಿಯದು.

ಭರತ ಇಳಿತಗಳ ಲೆಕ್ಕವನ್ನೂ ಹಗ್ಗ ಇಟ್ಟುಕೊಳ್ಳಬೇಕು. ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ; ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಇನ್ನೂ ಹೆಚ್ಚು. ಭರತದಲ್ಲಿ ಬಿಗಿಯಾಗಿ ಕಟ್ಟಿ ಮನೆಗೆ ಹೋದವನ ದೋಣಿ ಇಳಿತದಲ್ಲಿ ಧಕ್ಕೆಗೆ ನೇತುಬೀಳುತ್ತದೆ. ಇಳಿತದಲ್ಲಿ ಬಿಗಿಯಾಗಿ ಕಟ್ಟಿದವನ ದೋಣಿಯ ಮೂತಿಯನ್ನು ಭರತ ಕೆಳಗೆ ಒತ್ತುತ್ತದೆ. ಮಳೆಗಾಲದಲ್ಲಿ ಪಂಚಾಂಗಕ್ಕೂ ಸಿಗದ ನೀರು ಬೇರೆ. 2022ರ ಆಗಸ್ಟ್ 2ರಂದು ಬೆಳಗಾಗುವಷ್ಟರಲ್ಲಿ ಭಟ್ಕಳದಲ್ಲಿ ಒಂದೇ ದಿನಕ್ಕೆ 50 ಸೆಂಟಿಮೀಟರಿಗೂ ಮೇಲೆ ಮಳೆ ಸುರಿದಿತ್ತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ತೀರಿಹೋದರು. ಅಂಥ ರಾತ್ರಿ ಗಿಡ್ಡ ಹಗ್ಗವೇ ದೋಣಿಯನ್ನು ಮುಳುಗಿಸುತ್ತದೆ, ತೀರ ಉದ್ದದ ಹಗ್ಗ ಅದನ್ನು ಪಕ್ಕದ ದೋಣಿಗೆ ಅಪ್ಪಳಿಸುತ್ತದೆ. ಯಾರಾದರೂ ಕತ್ತಲಲ್ಲಿ ಹೋಗಿ ಹಗ್ಗ ಬಿಡಬೇಕು ಅಥವಾ ಎಳೆಯಬೇಕು. ಆಗ ಟಾರ್ಚು ಹಿಡಿದು ಗಂಟು ಹುಡುಕುತ್ತ ಕುಳಿತರೆ ಆಯಿತೇ?

ನಾನು ಹಗ್ಗದ ಮೇಲೆ ಬರೆಯಬೇಕೆಂದುಕೊಂಡದ್ದು ಮುಂದೆ ಹೇಳುವ ಘಟನೆಯಿಂದ. ಶರಾವತಿ ಸಮುದ್ರ ಸೇರುವ ಅಳಿವೆಯ ವಿಷಯ ಹೊನ್ನಾವರದವರಿಗೆ ಹೇಳಬೇಕಾಗಿಲ್ಲ. ಮರಳಿನ ದಿಬ್ಬಗಳು ಅಲ್ಲಿ ವರ್ಷವರ್ಷ ಜಾಗ ಬದಲಿಸುತ್ತವೆ. ಇಳಿತದ ಹೊತ್ತಿಗೆ ನದಿ ಹೊರಕ್ಕೆ ನುಗ್ಗುತ್ತದೆ, ಸಮುದ್ರದ ತೆರೆ ಒಳಕ್ಕೆ ನುಗ್ಗುತ್ತದೆ. ಎರಡೂ ದಿಬ್ಬದ ಮೇಲೆ ಎದುರಾಗಿ ನೀರು ಗೋಡೆಯಂತೆ ಎದ್ದು ಒಡೆಯುತ್ತದೆ. ಒಂದು ಸಂಜೆ ಮಾವನ ಬೋಟಿನಲ್ಲಿ ನಾನೂ ಇದ್ದೆ. ನಮ್ಮ ಮುಂದೆ ಹೋಗುತ್ತಿದ್ದ ಸಣ್ಣ ದೋಣಿಯೊಂದು ಹೀಗೆ ಎದ್ದ ತೆರೆಗೆ ಅಡ್ಡ ಬಿದ್ದು ಮಗುಚಿತು. ಅದರಲ್ಲಿ ಮೂವರಿದ್ದರು. ಇಬ್ಬರು ಮಗುಚಿದ ದೋಣಿಯನ್ನೇ ಅಪ್ಪಿಕೊಂಡರು. ಮೂರನೆಯವನು ಬೇರೆಯಾಗಿ ಹೊರಗೆ ತೇಲತೊಡಗಿದ. ದಿಬ್ಬದ ಭಯದಿಂದ ನಮ್ಮ ಬೋಟು ಹತ್ತು ಮಾರಿಗಿಂತ ಹತ್ತಿರ ಹೋಗುವಂತಿರಲಿಲ್ಲ.

ಮಾವ ಕೂಗಲಿಲ್ಲ. ಚುಕ್ಕಾಣಿಯ ಹಿಂದೆ ಗೂಟದಲ್ಲಿ ತೂಗುತ್ತಿದ್ದ ಹಸಿರು ಹಗ್ಗವನ್ನು ತೆಗೆದು, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು "ಕಟ್ಟು" ಎಂದರು. ಚುಕ್ಕಾಣಿ ಇನ್ನೊಬ್ಬರ ಕೈಗೆ ಹೋಯಿತು. ನಾನು ಕಟ್ಟಿ ತಿರುಗಿ ನೋಡುವುದರೊಳಗೆ ಸಿಂಬಿ ಎರಡು ಪಾಲಾಗಿತ್ತು. ಬಲಗೈಯಲ್ಲಿ ಐದಾರು ಸುತ್ತು, ಎಡ ಅಂಗೈಯನ್ನು ಬಿಚ್ಚಿ ಅದರ ಮೇಲೆ ಉಳಿದದ್ದು. ಎಡಗೈಯ ಬೆರಳು ಮುಚ್ಚಬಾರದು. ಮುಚ್ಚಿದರೆ ಹಗ್ಗ ಅರ್ಧದಲ್ಲೇ ನಿಲ್ಲುತ್ತದೆ. ಮಾವ ಆ ಮನುಷ್ಯನಿಗೆ ಗುರಿಯಿಟ್ಟು ಎಸೆಯಲಿಲ್ಲ. ಅವನ ತಲೆಯ ಮೇಲೆ ಹಾದು ಆಚೆ ಬೀಳುವಂತೆ ಎಸೆದರು. ಬಲಗೈಯ ಸುತ್ತುಗಳು ಗಾಳಿಯಲ್ಲಿ ಒಂದೊಂದಾಗಿ ಬಿಚ್ಚಿಕೊಂಡವು, ಎಡ ಅಂಗೈಯ ಮೇಲಿನವು ಅವುಗಳ ಬೆನ್ನು ಹಿಡಿದು ಹೋದವು. ಒಂದು ಸುತ್ತೂ ಇನ್ನೊಂದಕ್ಕೆ ಸಿಕ್ಕಿಕೊಳ್ಳಲಿಲ್ಲ. ಹಗ್ಗ ನೀರಿನ ಮೇಲೆ ಗೆರೆ ಎಳೆದಂತೆ ಬಿದ್ದು ತೇಲಿತು. ಅವನು ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಇನ್ನಿಬ್ಬರನ್ನು ಮತ್ತೊಂದು ದೋಣಿಯವರು ಎತ್ತಿಕೊಂಡರು. ಎಣಿಸಿದರೆ ಇದೆಲ್ಲ ಒಂದು ನಿಮಿಷದ ಕೆಲಸ. ಮರುದಿನ ಕಾಲೇಜಿಗೆ ಬಂದು ಕುಳಿತಾಗಲೂ ನನ್ನ ಕಣ್ಣಿಗೆ ಆ ಹಸಿರು ಗೆರೆಯೇ ಕಾಣುತ್ತಿತ್ತು.

ಆ ಹಗ್ಗವನ್ನು ಸುತ್ತಿಟ್ಟವರು ಮಾವ ಅಲ್ಲ. ಅವರ ಬೋಟಿನಲ್ಲಿ ಬಹುಕಾಲ ದುಡಿದು, ಕಣ್ಣಿನ ಪೊರೆ ಬೆಳೆದು ಹಿಂದಿನ ವಾರವಷ್ಟೇ ಕಡಲಿಗೆ ಇಳಿಯುವುದನ್ನು ನಿಲ್ಲಿಸಿದ ಒಬ್ಬ ಮುದುಕರು. ಸಂಜೆ ಎಲ್ಲರೂ ಮೀನು ಇಳಿಸಿ ಚಹದ ಅಂಗಡಿಗೆ ಓಡಿದ ಮೇಲೆ ಇವರೊಬ್ಬರೇ ಹಿಂದುಳಿದು ಹಗ್ಗ ಸುತ್ತುತ್ತಿದ್ದರು. ಅದಕ್ಕಾಗಿ ಯಾರೂ ಅವರಿಗೆ ಹೆಚ್ಚಿನ ಪಾಲು ಕೊಟ್ಟದ್ದಿಲ್ಲ. ಹುಡುಗರು ಹಾಸ್ಯ ಮಾಡಿದ್ದುಂಟು. ನಾನು ಅವರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕಿವಿಗೊಟ್ಟು ಕೇಳಿ, "ಹಸಿರಿನದೋ, ನೀಲಿಯದೋ?" ಎಂದರು. ಹಸಿರು ಎಂದೆ. "ಸಿಹಿನೀರಲ್ಲಿ ತೊಳೆದು ಇಟ್ಟಿರಾ?" ಎಂದು ಕೇಳಿದರು. ಮನುಷ್ಯ ಬದುಕಿದ ಸಂಗತಿ ಅವರಿಗೆ ಮುಗಿದಿತ್ತು. ಹಗ್ಗದ ಸಂಗತಿ ಇನ್ನೂ ಮುಗಿದಿರಲಿಲ್ಲ.

ತೊಳೆಯುವುದೂ ಸಣ್ಣ ಮಾತಲ್ಲ. ಉಪ್ಪುನೀರು ಆರಿದ ಮೇಲೆ ಹುರಿಯೊಳಗೆ ಉಳಿಯುವ ಹರಳುಗಳೂ ಮರಳೂ ಎಳೆಗಳನ್ನು ಒಳಗಿನಿಂದ ಕೊಯ್ಯುತ್ತವೆ. ತೊಳೆದು ನೆರಳಿನಲ್ಲಿ ಆರಿಸಬೇಕು. ಕತ್ತವನ್ನು ಹಸಿಯಾಗಿ ಮೂಲೆಗೆ ತುರುಕಿದರೆ ಕೊಳೆಯುತ್ತದೆ. ನೈಲಾನನ್ನು ಬಿಸಿಲಿಗೆ ಮರೆತರೆ ಸೊರಗುತ್ತದೆ. ತುದಿ ಬಿಚ್ಚದಂತೆ ಕತ್ತಕ್ಕೆ ಸಣ್ಣ ದಾರದ ಸುತ್ತು ಬಿಗಿಯಬೇಕು, ನೈಲಾನಿನ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಬೇಕು. ಧಕ್ಕೆಯ ಅಂಚಿಗೆ ಉಜ್ಜುವ ಜಾಗಕ್ಕೆ ಹಳೆಯ ಸೈಕಲ್ ಟ್ಯೂಬು ತೊಡಿಸುವವರೂ ಇದ್ದಾರೆ. ಸವೆದ ಹಗ್ಗವನ್ನು ನೀರಿಗೆ ಎಸೆಯುವವರೂ ಇದ್ದಾರೆ, ಅವರ ವಿಷಯ ಬರೆದು ಪ್ರಯೋಜನವಿಲ್ಲ. ಕತ್ತವಾದರೆ ಎಂದಾದರೂ ಮಣ್ಣಾಗುತ್ತಿತ್ತು. ಇದು ಆಗುವುದಿಲ್ಲ, ಬೋಟಿನ ಚಕ್ರಕ್ಕೆ ಸುತ್ತುತ್ತದೆ, ಇಲ್ಲವೆ ಕಾಸರಕೋಡದ ಮರಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆಯ ಕೊರಳಿಗೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೇ ತಿಂಗಳ ಕೊನೆಯಲ್ಲಿ ಹಗ್ಗಗಳೆಲ್ಲ ಮೇಲೆ ಬರುತ್ತವೆ. ಈ ಸಲ ಮಾವನ ಬೋಟಿಗೆ ಒಡಿಶಾದಿಂದ ಒಬ್ಬ ಹುಡುಗ ಬಂದಿದ್ದ. ನನಗಿಂತ ಎರಡು ವರ್ಷ ಚಿಕ್ಕವನಿರಬೇಕು. ಅವನಿಗೆ ಕನ್ನಡ ಬಾರದು, ಕೊಂಕಣಿ ಬಾರದು. ಮಾವನಿಗೆ ಒಡಿಯಾ ಬಾರದು. ಆದುದರಿಂದ ಇಬ್ಬರೂ ಹಿಂದಿಯನ್ನು ಹಿಂಸಿಸುತ್ತಿದ್ದರು. ತೊಳೆದು ಆರಿಸಿದ ಹಗ್ಗಗಳ ರಾಶಿಯನ್ನು ತೋರಿಸಿ ಮಾವ ಸುತ್ತುವಂತೆ ಕೈಸನ್ನೆ ಮಾಡಿದರು, ಪ್ರದಕ್ಷಿಣೆಯಾಗಿ. ಹುಡುಗ ಮೊದಲು ಕೈಗೆತ್ತಿಕೊಂಡದ್ದು ರಾಶಿಯಲ್ಲಿದ್ದ ಒಂದೇ ಒಂದು ಕತ್ತದ ಹಗ್ಗ. ಅವನು ಅದನ್ನು ಎಡಕ್ಕೆ ಸುತ್ತತೊಡಗಿದ. ಮಾವನ ಹುಬ್ಬು ಮೇಲಕ್ಕೆ ಹೋಯಿತು. ಬಯ್ಯಲು ಬಾಯಿ ತೆರೆದವರು ಹತ್ತಿರ ಹೋಗಿ ಹಗ್ಗವನ್ನು ಬೆರಳಲ್ಲಿ ಎತ್ತಿ ನೋಡಿದರು. ಕೈಯಿಂದ ಹೊಸೆದ ಹಳೆಯ ಹಗ್ಗ ಅದು, ಎಡಮುರಿ. ಮಾವ ಏನೂ ಹೇಳಲಿಲ್ಲ. ರಾಶಿಯಿಂದ ಹಸಿರು ಹಗ್ಗವನ್ನು ತೆಗೆದು ಅವನ ಮುಂದಿಟ್ಟು, ಬೀಡಿ ಹಚ್ಚಲು ಗಾಳಿಯಿಲ್ಲದ ಕಡೆಗೆ ಹೋದರು.